ಬಸ್ಸು ನಿಂತಷ್ಟು ಹೊತ್ತು

ಹನ್ನೆರಡು ದಿನದಲ್ಲಿ ಹತ್ತು ದೇಶ ಸುತ್ತಿ ಬಂದವರನ್ನು ಗೇಲಿ ಮಾಡುವುದು ಈಗ ನಮ್ಮಲ್ಲಿ ಒಂದು ಶಿಷ್ಟಾಚಾರವೇ ಆಗಿಬಿಟ್ಟಿದೆ. ಹಾಸ್ಯ ಸಂಜೆಗಳಲ್ಲಿ ಆ ಜೋಕು ತಪ್ಪದೆ ಬರುತ್ತದೆ. ಸೀರೆಯ ಮೇಲೆ ಸ್ವೆಟರ್ ಹಾಕಿ, ಕಾಲಿಗೆ ಸ್ಪೋರ್ಟ್ಸ್ ಶೂ ಏರಿಸಿ, ಕೈಚೀಲದಲ್ಲಿ ಚಟ್ನಿಪುಡಿ ಇಟ್ಟುಕೊಂಡ ಹೆಂಗಸು ಐಫೆಲ್ ಗೋಪುರದ ಕೆಳಗೆ ಬಾತ್‌ರೂಮ್ ಎಲ್ಲಿದೆ ಎಂದು ಕೇಳುತ್ತಾಳೆ. ಸಭೆ ಬಿದ್ದು ಬಿದ್ದು ನಗುತ್ತದೆ. ಪುರವಣಿಗಳ ಪ್ರವಾಸ ಬರಹಗಳು ಅದೇ ಮಾತನ್ನು ನಗುವಿಲ್ಲದೆ ಹೇಳುತ್ತವೆ. ಊರನ್ನು ನೋಡಿದರೆ ಸಾಲದಂತೆ, ಅಲ್ಲಿ ಬದುಕಬೇಕಂತೆ. ಒಂದೊಂದು ಊರಲ್ಲಿ ವಾರವಾದರೂ ಇರಬೇಕು, ಅಲ್ಲಿನ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳಬೇಕು, ಗಲ್ಲಿಯ ಕಾಫಿ ಅಂಗಡಿಯಲ್ಲಿ ಸುಮ್ಮನೆ ಕೂತಿರಬೇಕು. ಮೂರು ಗಂಟೆ ನಿಂತು ಹೊರಟವನು ಫೋಟೋ ತೆಗೆಸಿಕೊಂಡನೇ ಹೊರತು ಊರು ಕಾಣಲಿಲ್ಲ.

ಇದು ಸುಳ್ಳು. ಅದೂ ಉಳ್ಳವರು ಹೇಳುವ ಸುಳ್ಳು.

ಮೊದಲು ರಜೆಯ ವಿಚಾರ. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ರೇಷ್ಮೆ ಸಾಕುವ ಮನೆಗೆ ರಜೆ ಎಂದರೇನು ಎಂದು ಈ ಅಂಕಣಕಾರರು ಒಮ್ಮೆ ಕೇಳಿ ನೋಡಲಿ. ಚಾಕಿ ಹುಳು, ಅಂದರೆ ಮರಿಹುಳು, ತಂದ ದಿನದಿಂದ ಗೂಡು ಬಿಡಿಸಿ ಶಿಡ್ಲಘಟ್ಟದ ಮಾರುಕಟ್ಟೆಗೆ ಹಾಕುವವರೆಗೆ ಆ ಮನೆಯಲ್ಲಿ ಯಾರೂ ನೆಂಟರ ಮದುವೆಗೂ ರಾತ್ರಿ ತಂಗುವುದಿಲ್ಲ. ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಹುಳು ಸೊಪ್ಪು ತಿನ್ನುವ ರಭಸ ಕಂಡವರಿಗೆ ಗೊತ್ತು: ಇಡೀ ಬೆಳೆ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕಿ ಆ ಕೊನೆಯ ಏಳೆಂಟು ದಿನದಲ್ಲೇ ಖರ್ಚಾಗುತ್ತದೆ. ಆಗ ಹೊತ್ತು ಹೊತ್ತಿಗೂ ತೋಟಕ್ಕೂ ಮನೆಗೂ ಓಡಾಟ. ಹುಳು ಹಣ್ಣಾದರೆ ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ಮನೆಮಂದಿಯಷ್ಟೇ ಸಾಲದು, ಕೂಲಿಯವರನ್ನೂ ಕರೆಯಬೇಕು. ಒಂದು ಬೆಳೆ ಎದ್ದು, ಬ್ಲೀಚಿಂಗ್ ಪೌಡರ್ ಹಾಕಿ ಹುಳುಮನೆ ತೊಳೆದು, ಮುಂದಿನ ಮೊಟ್ಟೆಗೆ ಬರೆಸುವ ನಡುವೆ ನಾಲ್ಕು ದಿನ ಬಿಡುವು ಸಿಕ್ಕೀತು. ಹಸು ಕಟ್ಟಿದ ಮನೆಗೆ ಅದೂ ಇಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಡೈರಿಗೆ ಹಾಲು ಹೋಗಲೇಬೇಕು. ಇಂಥ ಮನೆಯ ಮಗಳು ಜರ್ಮನಿಯಲ್ಲೋ ಹಾಲೆಂಡಿನಲ್ಲೋ ಕೆಲಸಕ್ಕೆ ಸೇರಿ, ಜೀವಮಾನದಲ್ಲಿ ಒಂದು ಸಲ ಅಪ್ಪ ಅಮ್ಮನನ್ನು ಕರೆಸಿಕೊಂಡರೆ ಅವರು ಊರೂರಿಗೆ ಓಡುತ್ತಾರೆ. ಓಡದೆ ಏನು ಮಾಡಬೇಕು? ಷೆಂಗೆನ್ ವೀಸಾಕ್ಕೆ ಬ್ಯಾಂಕಿನ ಲೆಕ್ಕ, ಹೋಟೆಲ್ ಬುಕಿಂಗು, ವಾಪಸು ಟಿಕೆಟ್ಟು ಎಲ್ಲ ತೋರಿಸಿ, ಹಸುವನ್ನು ಮೈದುನನ ಕೈಗೆ ಒಪ್ಪಿಸಿ ಹೊರಟವರಿಗೆ ಒಂದೇ ಊರಲ್ಲಿ ಏಳು ದಿನ ಕಾಫಿ ಕುಡಿಯುತ್ತಾ ಕೂತಿರಿ ಎಂದು ಬುದ್ಧಿ ಹೇಳುವವರಿಗೆ ಮತ್ತೆ ಮತ್ತೆ ಹೋಗುವ ಧೈರ್ಯವಿದೆ. ಮುಂದಿನ ವರ್ಷ ಉಳಿದದ್ದನ್ನು ನೋಡಿದರಾಯಿತು ಎನ್ನುವ ಧೈರ್ಯ. ಸಾವಧಾನದ ಪ್ರವಾಸ ಎಂದು ಅವರು ಕೊಂಡಾಡುತ್ತಿರುವುದು ಅದನ್ನೇ.

ಸರಿ, ಬಡವರ ಅನಿವಾರ್ಯ ಒಪ್ಪಿದೆವು, ಆದರೂ ಮೂರು ಗಂಟೆಯಲ್ಲಿ ಏನು ಕಂಡೀತು ಎಂದು ಅವರು ಹೇಳಬಹುದು. ಅಲ್ಲಿಗೆ ಬರುತ್ತೇನೆ.

ಚಿಂತಾಮಣಿಯ ಕಡೆಯ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ, ನಮಗೆ ದೂರದ ಬಂಧು, ಇಂಥದೇ ಪ್ರವಾಸದಲ್ಲಿ ಜರ್ಮನಿಯ ಕಲೋನ್ ನಗರಕ್ಕೆ ಹೋಗಿದ್ದರು. ಆಮ್‌ಸ್ಟರ್‌ಡ್ಯಾಮಿನ ದಾರಿಯಲ್ಲಿ ಬಸ್ಸು ಅಲ್ಲಿ ನಿಂತದ್ದು ಒಂದೂವರೆ ಗಂಟೆ. ಅರ್ಧ ಗಂಟೆ ಊಟಕ್ಕೂ ಶೌಚಕ್ಕೂ ಹೋಯಿತು. ಉಳಿದದ್ದು ಆ ದೊಡ್ಡ ಚರ್ಚಿಗೆ. ಕಲೋನಿನ ಕೆಥೆಡ್ರಲ್ ರೈಲ್ವೆ ಸ್ಟೇಷನ್ನಿನ ಮಗ್ಗುಲಲ್ಲೇ ಇದೆ. ಪ್ಲಾಟ್‌ಫಾರ್ಮಿನಿಂದ ಹೊರಬಂದು ತಲೆಯೆತ್ತಿದರೆ ಎದುರಿಗೇ 157 ಮೀಟರ್ ಎತ್ತರದ ಕಪ್ಪು ಕಲ್ಲು. ಗೋಪುರದಲ್ಲಿ ಊರು ನೋಡುವ ಜಗಲಿಯವರೆಗೆ 533 ಮೆಟ್ಟಿಲು. ಹತ್ತಲು ಇವರಿಗೆ ಮಂಡಿ ಬಿಡಲಿಲ್ಲ, ಹೊತ್ತೂ ಇರಲಿಲ್ಲ. ಕೆಳಗೇ ನಿಂತು ಗೈಡ್ ಹೇಳಿದ್ದನ್ನು ಕೇಳಿಸಿಕೊಂಡರು. 1248ರಲ್ಲಿ ಕೆಲಸ ಶುರುವಾಯಿತು. ಹದಿನಾರನೆಯ ಶತಮಾನದಲ್ಲಿ ದುಡ್ಡೂ ಉತ್ಸಾಹವೂ ಮುಗಿದು ಕೆಲಸ ನಿಂತಿತು. ಅರ್ಧ ಎದ್ದ ಗೋಪುರದ ಮೇಲೆ ಕಲ್ಲು ಎತ್ತುವ ಮರದ ಕ್ರೇನು ಮಾತ್ರ ಹಾಗೇ ಉಳಿದು, ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಆ ಊರಿನ ಗುರುತಾಗಿತ್ತು. ಮುಂಭಾಗದ ಹಳೆಯ ನಕ್ಷೆ ಕಳೆದುಹೋಗಿತ್ತು. ಅದರ ಒಂದು ಅರ್ಧ 1814ರಲ್ಲಿ ಡಾರ್ಮ್‌ಸ್ಟಾಟ್ ಎಂಬ ಊರಲ್ಲಿ, ಇನ್ನೊಂದು ಅರ್ಧ ಎರಡು ವರ್ಷದ ಮೇಲೆ ಪ್ಯಾರಿಸ್ಸಿನಲ್ಲಿ ಸಿಕ್ಕಿತು. 1842ರಲ್ಲಿ ಮತ್ತೆ ಕೆಲಸ ಹಿಡಿದು 1880ರಲ್ಲಿ ಮುಗಿಸಿದರು.

ನಮ್ಮ ಟೀಚರಮ್ಮ ಇದನ್ನು ಕೇಳಿ ಬಂದು ಹೇಳಿದ್ದೇನು ಗೊತ್ತೇ? "ನಾವು ಮಕ್ಕಳನ್ನ ಮೇಲುಕೋಟೆಗೆ ಟೂರ್ ಕರ್ಕೊಂಡು ಹೋಗ್ತಿದ್ವಲ್ಲ, ಅಲ್ಲಿ ರಾಯಗೋಪುರ ಅರ್ಧಕ್ಕೇ ನಿಂತಿದೆ. ಒಂದೇ ರಾತ್ರೀಲಿ ಕಟ್ಟಿದ್ದು, ಬೆಳಗಾಯ್ತು ಅಂತ ಬಿಟ್ಟುಹೋದ್ರು ಅಂತ ನಾವು ಕಥೆ ಹೇಳಿ ಮುಗಿಸ್ತಿದ್ವಿ. ಇವರು ನಕ್ಷೆ ಹುಡುಕಿಸಿದ್ರು ನೋಡಿ. ಆದ್ರೆ ಒಂದು ಅನುಮಾನ. ಮುನ್ನೂರು ವರ್ಷ ಆದ್ಮೇಲೆ ಕಟ್ಟಿದ್ದು ಹಳೇದೋ ಹೊಸದೋ?"

ಹಳೆಯ ಕಟ್ಟಡವನ್ನು ಪೂರ್ತಿ ಮಾಡುವುದೋ ಹಾಗೇ ಬಿಡುವುದೋ ಎಂಬುದು ಯೂರೋಪಿನ ಪಂಡಿತರು ಹತ್ತೊಂಬತ್ತನೆಯ ಶತಮಾನ ಪೂರ್ತಿ ಜಗಳವಾಡಿದ ಪ್ರಶ್ನೆ. ನಮ್ಮ ಕೆರೆ ಕಟ್ಟೆ, ಗುಡಿ ಗೋಪುರಗಳ ಜೀರ್ಣೋದ್ಧಾರದ ಹೆಸರಿನಲ್ಲಿ ಇವತ್ತೂ ಗ್ರಾನೈಟ್ ಬಡಿಯುತ್ತಿರುವ ನಾವು ಕೇಳಬೇಕಾದ ಪ್ರಶ್ನೆಯೂ ಹೌದು. ಟೀಚರಮ್ಮನಿಗೆ ಅದು ಹೊಳೆಯಲು ಒಂದು ಗಂಟೆ ಸಾಕಾಯಿತು. ಏಕೆಂದರೆ ಮೇಲುಕೋಟೆಯನ್ನು ಅವರು ಜೊತೆಯಲ್ಲೇ ಒಯ್ದಿದ್ದರು. ಕಲೋನಿನಲ್ಲಿ ವಾರ ತಂಗಿ ಅಲ್ಲಿನ ಬಿಯರಿನ ರುಚಿ ಬರೆದ ಅಂಕಣಗಳನ್ನು ಓದಿದ್ದೇನೆ. ಈ ಪ್ರಶ್ನೆ ಅವುಗಳಲ್ಲಿ ಇರಲಿಲ್ಲ.

ಇದೆಲ್ಲ ಪುಸ್ತಕದಲ್ಲೇ ಸಿಗುತ್ತದಲ್ಲ ಎನ್ನುವವರಿಗೆ: ಸಿಗುತ್ತದೆ. ಆದರೆ ಕಲ್ಲಿನ ಕೆಳಗೆ ನಿಲ್ಲುವವರೆಗೆ ಆ ಪುಸ್ತಕ ತೆರೆಯುವ ಕಾರಣ ಆಕೆಗಿರಲಿಲ್ಲ.

ಇನ್ನು ಹಿಂದಿನವರ ಮಾತು. ಫ್ರಾನ್ಸಿಸ್ ಬುಕಾನನ್ ಎಂಬ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ 1800ರ ಏಪ್ರಿಲ್‌ನಲ್ಲಿ ಮದರಾಸಿನಿಂದ ಹೊರಟ. ಟಿಪ್ಪು ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ನೋಡಿ ಬಾ ಎಂದು ಗವರ್ನರ್ ಜನರಲ್ ವೆಲ್ಲೆಸ್ಲಿ ಕಳಿಸಿದ್ದ. ಮೈಸೂರು, ಕೆನರಾ, ಮಲಬಾರು ಸುತ್ತಿದ. ಹೆಚ್ಚಿನ ಊರುಗಳಲ್ಲಿ ಅವನು ತಂಗಿದ್ದು ಒಂದು ರಾತ್ರಿ, ಎರಡು ರಾತ್ರಿ. ಬೆಳಿಗ್ಗೆ ಡೇರೆ ಕಿತ್ತರೆ ಮುಂದಿನ ಊರು. 1807ರಲ್ಲಿ ಮೂರು ಸಂಪುಟವಾಗಿ ಅಚ್ಚಾದ ಅವನ ಬರಹವಿಲ್ಲದೆ ಆ ಕಾಲದ ನಮ್ಮ ಬೇಸಾಯ, ನೇಯ್ಗೆ, ಜಾತಿ, ಸುಂಕಗಳ ಬಗ್ಗೆ ಯಾರೂ ಒಂದು ಪುಟ ಬರೆಯಲಾರರು. ಚಿಕ್ಕಬಳ್ಳಾಪುರದ ಬಿಳಿ ಸಕ್ಕರೆಯ ಸೊಗಸನ್ನು ಬರೆದಿಟ್ಟವನು ಅವನೇ. ಪ್ರೀತಿಯಿಂದ ಬಂದವನಲ್ಲ, ಲೂಟಿಯ ಲೆಕ್ಕಕ್ಕೆ ಬಂದವನು, ಒಪ್ಪಿದೆ. ಆದರೆ ಒಂದು ರಾತ್ರಿಯಲ್ಲಿ ಏನೂ ತಿಳಿಯದು ಎನ್ನುವ ವಾದಕ್ಕೆ ಆ ಮೂರು ಸಂಪುಟಗಳೇ ಉತ್ತರ. ಪ್ರತಿ ಊರಲ್ಲೂ ರೈತನನ್ನು, ನೇಕಾರನನ್ನು, ಶಾನುಭೋಗನನ್ನು ಕೂರಿಸಿಕೊಂಡು ಕೇಳುತ್ತಿದ್ದ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರೂ 1898ರಲ್ಲಿ ಜಪಾನಿಗೆ ಹೋದದ್ದು ಕೆಲವೇ ತಿಂಗಳ ರಜೆಯ ಮೇಲೆ. ಜಪಾನಿನ ಶಾಲೆ, ಜಪಾನಿನ ಕಾರ್ಖಾನೆ ಎಂಬ ಮಾತು ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ವೆನಿಸ್ಸಿನ ಕಥೆ ಇನ್ನೂ ಖಾರವಾಗಿದೆ. ಬೆಳಿಗ್ಗೆ ಬಂದು ಸಂಜೆ ಹೋಗುವವರೇ ಊರಿಗೆ ಪೀಡೆ ಎಂದು ತೀರ್ಮಾನಿಸಿ ಅಲ್ಲಿನ ನಗರಸಭೆ 2024ರ ಏಪ್ರಿಲ್ 25ರಿಂದ ಜನಜಂಗುಳಿಯ ದಿನಗಳಲ್ಲಿ ಅಂಥವರ ತಲೆಗೆ 5 ಯೂರೋ ಪ್ರವೇಶ ಶುಲ್ಕ ಹಾಕಿತು. 2025ರಲ್ಲಿ, ಮುಂಚಿತವಾಗಿ ಬರೆಸದವರಿಗೆ ಅದನ್ನು 10 ಯೂರೋ ಮಾಡಿತು. ಹೋಟೆಲಿನಲ್ಲಿ ರಾತ್ರಿ ತಂಗುವವರಿಗೆ ಇದು ಮಾಫಿ. ಅವರು ಕೊಠಡಿಯ ಜೊತೆ ಬೇರೆ ತೆರಿಗೆ ಕೊಡುತ್ತಾರೆ ಎಂಬುದು ಕಾರಣ. ಹಡಗಿನಿಂದ ಇಳಿದು ಓಣಿ ತುಂಬಿಕೊಳ್ಳುವ ಗುಂಪು ಸಣ್ಣ ಕಾಟವಲ್ಲ, ನಿಜ. ಆದರೆ ವೆನಿಸ್ಸಿನವರನ್ನು ವೆನಿಸ್ಸಿನಿಂದ ಓಡಿಸಿದ್ದು ಯಾರು? ಹಳೆಯ ದ್ವೀಪನಗರದ ಜನಸಂಖ್ಯೆ 2022ರಲ್ಲಿ 50,000ಕ್ಕಿಂತ ಕೆಳಗಿಳಿಯಿತು. 2023ರಲ್ಲಿ ಪ್ರವಾಸಿಗರ ಹಾಸಿಗೆಗಳ ಸಂಖ್ಯೆ ನಿವಾಸಿಗಳ ಸಂಖ್ಯೆಯನ್ನು ದಾಟಿತು. ಆ ಹಾಸಿಗೆಗಳಲ್ಲಿ ಮಲಗುವವನು ಮೂರು ಗಂಟೆಯ ಪ್ರವಾಸಿಯಲ್ಲ, 'ಅಲ್ಲಿನವರಂತೆ ಬದುಕಲು' ಬಂದ ನಮ್ಮ ಅಂಕಣಕಾರ. ಅವನಿಗೆ ಹೋಟೆಲ್ ಬೇಡ, ನಿಜವಾದ ಮನೆ ಬೇಕು, ಅಡಿಗೆಮನೆ ಬೇಕು, ಕಿಟಕಿಯಲ್ಲಿ ಹೂಕುಂಡ ಬೇಕು. ಆ ಮನೆಯಲ್ಲಿ ಮೊದಲು ಇದ್ದ ಬಾಡಿಗೆದಾರ ಊರಾಚೆಗೆ ಹೋಗಿದ್ದಾನೆ. ಬಾರ್ಸಿಲೋನಾ ನಗರವಂತೂ ಪ್ರವಾಸಿಗರಿಗೆ ಬಾಡಿಗೆ ಕೊಡುವ ಸುಮಾರು 10,000 ಫ್ಲ್ಯಾಟುಗಳ ಪರವಾನಗಿಯನ್ನು 2028ರ ನವೆಂಬರ್ ಹೊತ್ತಿಗೆ ಪೂರ್ತಿ ನಿಲ್ಲಿಸುವುದಾಗಿ 2024ರಲ್ಲಿ ಘೋಷಿಸಿತು. ಬಸ್ಸಿನಲ್ಲಿ ಬಂದು ಚಟ್ನಿಪುಡಿ ತಿಂದು ಹೋದವಳು ಯಾರ ಮನೆಯನ್ನೂ ಖಾಲಿ ಮಾಡಿಸಲಿಲ್ಲ.

ಇದೇ ಆಟ ನಂದಿಯ ತಪ್ಪಲಿನಲ್ಲಿ ನಡೆಯುತ್ತಿದೆ. ಭಾನುವಾರ ಬೆಳಗಿನ ಜಾವ ಬೈಕಿನಲ್ಲಿ ಬಂದು ಸೂರ್ಯೋದಯವನ್ನು ಮೊಬೈಲಿಗೆ ತುಂಬಿಕೊಂಡು ಹೋಗುವ ಹುಡುಗರನ್ನು ಎಲ್ಲರೂ ಬೈಯುತ್ತಾರೆ. ದ್ರಾಕ್ಷಿ ತೋಟ ಅಳಿದು ಎದ್ದ ರೆಸಾರ್ಟಿನಲ್ಲಿ ಮೂರು ದಿನ ಈಜುಕೊಳದಲ್ಲಿ ಬಿದ್ದುಕೊಂಡು, ಕೆಳಗಿನ ನಂದಿ ಗ್ರಾಮದ ಭೋಗನಂದೀಶ್ವರನ ಕಲ್ಯಾಣಿಯನ್ನೂ ಇಣುಕಿ ನೋಡದೆ ಹೋಗುವವರನ್ನು ಯಾರೂ ಬೈಯುವುದಿಲ್ಲ. ಅವರದು ವಿಶ್ರಾಂತಿಯಂತೆ.

ಈಗ ಅಲೀಪುರಕ್ಕೆ ಬರೋಣ. ಹೆಚ್ಚು ಕಾಲ ಇದ್ದರೆ ಊರು ಗೊತ್ತಾಗುತ್ತದೆ ಎಂಬ ಮಾತು ಪೂರ್ತಿ ನೆಲ ಕಚ್ಚುವುದು ಅಲ್ಲಿ.

ಅಲೀಪುರ ನಮ್ಮ ಗೌರಿಬಿದನೂರು ತಾಲ್ಲೂಕಿನದೇ ಊರು, ತೊಂಡೇಭಾವಿ ಕಡೆಯದು. ಶಿಯಾ ಮುಸ್ಲಿಮರೇ ಬಹುಪಾಲು ಇರುವ ಊರು, ಹರಳಿನ ವ್ಯಾಪಾರಕ್ಕೆ ಹೆಸರಾದದ್ದು. ಮೊಹರಂನಲ್ಲಿ ಊರಿಗೆ ಊರೇ ಕಪ್ಪು ಬಟ್ಟೆ ಉಟ್ಟು, ಕರ್ಬಲಾದಲ್ಲಿ ಮಡಿದ ಹುಸೇನರಿಗಾಗಿ ಎದೆ ಬಡಿದುಕೊಂಡು ಅಳುತ್ತದೆ. ಗೌರಿಬಿದನೂರಿನಲ್ಲಿ ಹುಟ್ಟಿ ಬೆಳೆದವರು, ರೈಲ್ವೆ ಪಾಸು ಮಾಡಿಸಿಕೊಂಡು ದಿನಾ ತೊಂಡೇಭಾವಿ ಸ್ಟೇಷನ್ ದಾಟಿ ಬೆಂಗಳೂರಿಗೆ ಹೋಗಿಬರುವವರು ನಮ್ಮಲ್ಲಿ ಎಷ್ಟು ಮಂದಿ! ಅಲೀಪುರದಲ್ಲಿ ಏನಿದೆ ಎಂದು ಅವರನ್ನು ಕೇಳಿ. "ಅಲ್ಲೇನಿದೆ ನೋಡೋಕೆ?" ಎನ್ನುತ್ತಾರೆ. ಮೂವತ್ತು ವರ್ಷ ಪಕ್ಕದಲ್ಲೇ ಇದ್ದ ಅನುಭವದ ಮಾತು ಇದು. ಒತ್ತಾಯಿಸಿದರೆ ಮೂರು ವದಂತಿ ಹೇಳುತ್ತಾರೆ: ದುಡ್ಡಿದೆ, ರಕ್ತ ಸುರಿಸಿಕೊಳ್ಳುತ್ತಾರೆ, ಒಳಗೊಳಗೇ ಮದುವೆಯಾಗಿ ಮೂಗರು ಹುಟ್ಟುತ್ತಾರೆ.

ಆ ಮೂರನೆಯ ವದಂತಿಯ ಹಿಂದೆ ಇರುವುದೇನು? ಅಲೀಪುರದಲ್ಲಿ ವಂಶದಲ್ಲಿ ಹರಿದು ಬಂದ ಕಿವುಡು ಇದೆ, ನಿಜ. ಅಧ್ಯಯನ ಮಾಡಿದವರು ಕೊಟ್ಟ ಕಿವುಡರ ಸಂಖ್ಯೆ ಸುಮಾರು 150. ಆದರೆ ಆ ಜನ ತಲೆಮಾರುಗಳಿಂದ ತಮ್ಮೊಳಗೇ ಒಂದು ಸಂಜ್ಞಾ ಭಾಷೆ ಬೆಳೆಸಿದ್ದಾರೆ. ಅದು ನಗರಗಳ ಕಿವುಡರು ಬಳಸುವ ಭಾರತೀಯ ಸಂಜ್ಞಾ ಭಾಷೆಯಲ್ಲ, ಅಲೀಪುರದ್ದೇ ಆದ ಭಾಷೆ. ಕಿವಿ ಕೇಳುವ ಊರವರಲ್ಲೂ ಬಹಳ ಮಂದಿಗೆ ಬರುತ್ತದೆ. ಸಿಬಾಜಿ ಪಂಡಾ ಎಂಬ, ಸ್ವತಃ ಕಿವುಡರಾದ ಭಾಷಾವಿಜ್ಞಾನಿ ಅದನ್ನು ಅಭ್ಯಾಸ ಮಾಡಿ ಬರೆದದ್ದು 2012ರಲ್ಲಿ ಹಳ್ಳಿಗಳ ಸಂಜ್ಞಾ ಭಾಷೆಗಳ ಕುರಿತ ಒಂದು ಅಂತರರಾಷ್ಟ್ರೀಯ ಸಂಪುಟದಲ್ಲಿ ಬಂತು. ಜಗತ್ತಿನ ಭಾಷಾವಿಜ್ಞಾನಿಗಳಿಗೆ ಅಲೀಪುರ ಗೊತ್ತು. ಪಕ್ಕದ ಊರಿನ ನಮಗೆ 'ಮೂಗರ ಸನ್ನೆ'.

ಪಂಡಾ ಅವರು ಅಲ್ಲೇ ಇದ್ದು ತಾನೇ ಕಲಿತದ್ದು ಎಂದು ನನ್ನನ್ನು ಹಿಡಿಯಬಹುದು. ಇದ್ದರು, ಅದು ಅವರ ಕೆಲಸ. ಭಾಷೆಯ ವ್ಯಾಕರಣ ಬರೆಯಲು ಬಂದವರು ಇರಲೇಬೇಕು. ಪ್ರವಾಸಿ ವ್ಯಾಕರಣ ಬರೆಯಲು ಹೋಗುವುದಿಲ್ಲ. ನಾನು ಕೇಳುತ್ತಿರುವುದು ಬೇರೆ: ಬರೀ ಇರುವುದರಿಂದಲೇ ತಿಳಿಯುವುದಾದರೆ ನಮಗೇಕೆ ತಿಳಿಯಲಿಲ್ಲ? ಪಂಡಾ ಅವರಿಗಿಂತ ಎಷ್ಟೋ ಪಾಲು ಹೆಚ್ಚು ಕಾಲ ನಾವು ಅದರ ಮಗ್ಗುಲಲ್ಲಿದ್ದೇವೆ.

ಒಂದು ಮಧ್ಯಾಹ್ನ ಕೆಲಸದ ಮೇಲೆ ಆ ಕಡೆ ಹೋದವನು ಅಲೀಪುರದಲ್ಲಿ ಬಸ್ಸಿಗೆ ಕಾಯುತ್ತಾ ಚಹಾದಂಗಡಿಯಲ್ಲಿ ಕೂತಿದ್ದೆ. ಅಂಗಡಿಯವನು ಪಕ್ಕದವನ ಜೊತೆ ಉರ್ದುವಿನಲ್ಲಿ ಏನೋ ರೇಟಿನ ಜಗಳ ನಡೆಸುತ್ತಿದ್ದ. ಇಬ್ಬರು ಯುವಕರು ಬಂದು ಕೈಯಲ್ಲಿ ಏನೋ ಹೇಳಿದರು. ಅವನು ಪಾತ್ರೆಯಿಂದ ಸೌಟು ಬಿಟ್ಟು ಎರಡು ಕೈಯಲ್ಲೂ ಉತ್ತರ ಕೊಟ್ಟ, ಅವರು ನಕ್ಕರು, ಅವನು ಮತ್ತೆ ಉರ್ದುವಿನ ಜಗಳಕ್ಕೆ ಮರಳಿದ. ಅಂಗಡಿಯಲ್ಲಿ ಯಾರೊಬ್ಬರೂ ತಲೆಯೆತ್ತಲಿಲ್ಲ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಕಿವುಡರೊಬ್ಬರು ಕೌಂಟರಿನ ಮುಂದೆ ನಿಂತರೆ ಏಳುವ ಗಲಿಬಿಲಿಯನ್ನು ಕಂಡವರಿಗೆ ಈ ಯಾರೂ ತಲೆಯೆತ್ತದ ಸಂಗತಿ ಎಷ್ಟು ದೊಡ್ಡದು ಎಂದು ಹೇಳಬೇಕಿಲ್ಲ. ಒಂದು ಲೋಟ ಚಹಾ ಆರುವ ಹೊತ್ತು ಅಷ್ಟೇ. (ಇದನ್ನು ಓದಿ ಯಾರಾದರೂ ಮೊಬೈಲ್ ಹಿಡಿದು ಮೂಗರ ಊರು ನೋಡಲು ಹೊರಟೀರಿ. ಅವರು ಪ್ರದರ್ಶನಕ್ಕಿಟ್ಟವರಲ್ಲ. ಚಹಾ ಕುಡಿದು ದುಡ್ಡು ಕೊಟ್ಟು ಬನ್ನಿ.)

ಬಸ್ಸು ಇನ್ನೂ ಬರಲಿಲ್ಲವೆಂದು ಎದುರಿನ ಹರಳಿನ ಅಂಗಡಿಗೆ ನುಗ್ಗಿದೆ. ಕೊಳ್ಳುವವನಲ್ಲ ಎಂದು ನನ್ನ ಚಪ್ಪಲಿ ನೋಡಿಯೇ ತಿಳಿದಿರಬೇಕು, ಆದರೂ ಕೂರಿಸಿದರು. ಮಡಿಸಿದ ಕಾಗದದ ಪೊಟ್ಟಣ ಬಿಚ್ಚಿ, ಚಿಮಟದಲ್ಲಿ ಒಂದು ನೀಲಿ ಕಲ್ಲೆತ್ತಿ, ಟ್ಯೂಬ್‌ಲೈಟಿಗೆ ಬೆನ್ನು ಹಾಕಿ ಬಾಗಿಲ ಬೆಳಕಿಗೆ ಹಿಡಿದರು. ಫಿರೋಜಾ, ಇರಾನಿನ ನಿಶಾಪುರದ್ದು. ಇನ್ನೊಂದು ಕೆಂಪು: ಅಕೀಕ್, ಯೆಮೆನ್ನಿನದು ಮೇಲು, ಗುಜರಾತಿನ ಖಂಬಾತದ್ದು ಅದರ ನಂತರ. ಇನ್ನೊಂದು ನೀರಿನಂತೆ ತಿಳಿ, ನಜಫ್‌ನದು. ಆ ಹಿರಿಯರ ಬೆರಳಲ್ಲಿದ್ದ ಉಂಗುರಗಳೂ ಇವೇ. ಶಿಯಾಗಳು ಹರಕೆಯಂತೆ ತೊಡುವ ಕಲ್ಲುಗಳಿವು. ತೊಂಡೇಭಾವಿಯ ಧೂಳಿನಲ್ಲಿ ಕೂತ ಊರಿಗೆ ನಿಶಾಪುರ, ಯೆಮೆನ್, ನಜಫ್ ಬೀದಿಯಾಚೆಯ ಮನೆಗಳಷ್ಟು ಹತ್ತಿರ ಎಂಬುದು ಮೂರು ಪೊಟ್ಟಣ ಬಿಚ್ಚುವಷ್ಟರಲ್ಲಿ ಗೊತ್ತಾಯಿತು.

ಅಲೀಪುರದವರು ತಾವೇ ಯಾತ್ರೆ ಹೋಗುವ ರೀತಿ ನೋಡಿ. ಜಿಯಾರತ್ತಿಗೆಂದು ಇರಾಕಿಗೂ ಇರಾನಿಗೂ ಹೋಗುವ ಶಿಯಾ ಯಾತ್ರಿಕರ ತಂಡಗಳು ನಜಫ್‌ನಲ್ಲಿ ಎರಡು ದಿನ, ಕರ್ಬಲಾದಲ್ಲಿ ಮೂರು ದಿನ, ಮಶ್ಹದ್‌ನಲ್ಲಿ ಇನ್ನೆರಡು ದಿನ ಎಂದು ಓಡುತ್ತವೆ. ಅರ್ಬಯೀನಿನ, ಅಂದರೆ ಹುಸೇನರ ನಲವತ್ತನೆಯ ದಿನದ, ಹೊತ್ತಿಗೆ ಹೋದವರು ನಜಫ್‌ನಿಂದ ಕರ್ಬಲಾಕ್ಕೆ 80 ಕಿಲೋಮೀಟರ್ ನಡೆದೇ ಹೋಗುತ್ತಾರೆ, ತಲುಪಿ ದರ್ಶನ ಮಾಡಿ ಅತ್ತು, ಮರುದಿನ ಹೊರಡುತ್ತಾರೆ. ಅವರಿಗೆ ಕರ್ಬಲಾದ ಕಾಫಿ ಅಂಗಡಿಯಲ್ಲಿ ವಾರ ಕೂತು ಬನ್ನಿ ಎಂದು ಯಾರಾದರೂ ಹೇಳಿಯಾರೇ? ಆ ಊರನ್ನು ಅವರು ಹುಟ್ಟಿದಾರಭ್ಯ ಮೊಹರಂ ಮಜಲಿಸ್‌ಗಳಲ್ಲಿ ಕೇಳಿದ್ದಾರೆ. ನಮ್ಮ ಅಜ್ಜಿಯರು ಕಾಶಿಯಲ್ಲಿ ಮೂರು ರಾತ್ರಿ ಇದ್ದು ಬಂದು ಮೂವತ್ತು ವರ್ಷ ಅದರ ಮಾತಾಡಿದರಲ್ಲ, ಅದೂ ಹೀಗೆಯೇ. ತೀರ್ಥಕ್ಕೆ ಹೋದವನು ಅವಸರದಲ್ಲಿ ಹೋದ ಎಂದು ನಗುವ ಪದ್ಧತಿ ನಮ್ಮಲ್ಲಿರಲಿಲ್ಲ. ಅದು ಈಚೆಗೆ ಬಂದ ಚಾಳಿ.

ಹಾಗಾದರೆ ಟೊಳ್ಳು ಪ್ರವಾಸವೇ ಇಲ್ಲವೇ? ಇದೆ, ಧಾರಾಳವಾಗಿದೆ. ಆದರೆ ಅದನ್ನು ತುಂಬುವ ದಾರಿ ಹೋಟೆಲ್ಲಿನ ರಾತ್ರಿಗಳನ್ನು ಹೆಚ್ಚಿಸುವುದಲ್ಲ. ವಿದುರಾಶ್ವತ್ಥಕ್ಕೆ ಬನ್ನಿ. ಗೌರಿಬಿದನೂರಿನಿಂದ ಹಿಂದೂಪುರದ ದಾರಿಯಲ್ಲಿ ಪುಟ್ಟ ಪ್ರಯಾಣ. ವಾರಪೂರ್ತಿ ಜನ ಬರುತ್ತಾರೆ, ಸಾಲು ಸಾಲು ನಾಗರಕಲ್ಲುಗಳಿಗೆ ಅರಿಶಿನ ಹಚ್ಚಿ, ಹಾಲೆರೆದು, ಸರ್ಪದೋಷ ಕಳೆಯಿತೆಂದು ಹೋಗುತ್ತಾರೆ. ಅದೇ ಊರಲ್ಲಿ 1938ರ ಏಪ್ರಿಲ್ 25ರಂದು, ಕಾಂಗ್ರೆಸ್ ಬಾವುಟ ಹಾರಿಸಬಾರದೆಂಬ ಮೈಸೂರು ಸರ್ಕಾರದ ಆಜ್ಞೆ ಮುರಿಯಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರೆಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗಲೇ ಇಲ್ಲ. ವಲ್ಲಭಭಾಯಿ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ಲರ ಜೊತೆ ಒಪ್ಪಂದ ಮಾಡಿಸಿ, ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ ಬಾವುಟವೂ ಹಾರಬಹುದೆಂದಾದದ್ದು ಇದಾದ ಮೇಲೆ. ಅದೆಲ್ಲವನ್ನೂ ಚಿತ್ರಗಳಲ್ಲಿ ಹೇಳುವ ವೀರಸೌಧ ನಾಗರಕಲ್ಲುಗಳಿಂದ ನಡೆದು ಹೋಗುವ ದೂರದಲ್ಲಿದೆ.

ಶಾಲಾ ಪ್ರವಾಸದ ಬಸ್ಸುಗಳೂ ಅಲ್ಲಿ ನಿಲ್ಲುತ್ತವೆ. ನಲವತ್ತು ನಿಮಿಷ. ಹಿಂದೂಪುರದ ದಾರಿ ಹಿಡಿದಾಗಲೇ ಬಸ್ಸಿನೊಳಗಿನ ಹಾಡಿನ ಗದ್ದಲ ನಿಲ್ಲಿಸಿ ಮೇಷ್ಟ್ರು ಎದ್ದು ನಿಂತು ಆ ದಿನದ ಕಥೆ ಹೇಳಿದ ಶಾಲೆಯ ಮಕ್ಕಳು ಇಳಿದ ಕೂಡಲೇ ಗುಂಡು ಬಿದ್ದದ್ದು ಎಲ್ಲಿ ಎಂದು ಹುಡುಕುತ್ತವೆ. ಹೇಳದ ಶಾಲೆಯ ಮಕ್ಕಳು ಐಸ್‌ಕ್ರೀಮ್ ಗಾಡಿ ಹುಡುಕುತ್ತವೆ. ಎರಡಕ್ಕೂ ಸಿಗುವುದು ಅದೇ ನಲವತ್ತು ನಿಮಿಷ. ಅವಸರದ ಪ್ರವಾಸಿಗಳನ್ನು ಹಳಿಯುತ್ತಾ ಪುಟ ತುಂಬಿಸುವವರು, ಬಸ್ಸಿನಲ್ಲಿ ಓದಿ ಮುಗಿಸುವಂಥ ಎರಡು ಪುಟದ ವಿದುರಾಶ್ವತ್ಥ, ಎರಡು ಪುಟದ ಕಲೋನ್ ಬರೆದುಕೊಡಲಿ. ಮೇಷ್ಟ್ರ ಕೈಗೆ ಅದು ಸಿಕ್ಕರೆ ಐಸ್‌ಕ್ರೀಮಿಗೂ ಹೊತ್ತು ಉಳಿಯುತ್ತದೆ.